ನಾಲ್ಕನೆಯ ಚೀಲ

ಒಂದೇ ಹಸು ಇರುವ ಮನೆಯವನು ಗುಮಟಾಪುರದಲ್ಲಿ ವರ್ಷವಿಡೀ ತಲೆ ಎತ್ತಿ ಓಡಾಡಬಹುದು. ದೀಪಾವಳಿ ಮುಗಿದ ಮೇಲೆ ಬರುವ ಸಗಣಿ ಹಬ್ಬದ ದಿನ ಮಾತ್ರ ಕಷ್ಟ. ಅಂದು ಬೀರೇಶ್ವರನ ಗುಡಿಯ ಹಿಂದೆ ಸಗಣಿಯ ಗುಡ್ಡೆ ಏಳಬೇಕು. ಮಧ್ಯಾಹ್ನ ಪೂಜೆ ಮುಗಿದ ಮೇಲೆ ಊರ ಗಂಡಸರೆಲ್ಲ ಅದರೊಳಗೆ ಇಳಿದು, ಉಂಡೆ ಕಟ್ಟಿ, ಒಬ್ಬರಿಗೊಬ್ಬರು ಎಸೆದಾಡಬೇಕು. ಅದಕ್ಕೆ ದನವಿರುವ ಪ್ರತಿ ಮನೆಯಿಂದಲೂ ಸಗಣಿ ಹೋಗಬೇಕು. ಎಷ್ಟು ಕೊಟ್ಟೆ ಎಂದು ಯಾರೂ ಕೇಳುವುದಿಲ್ಲ. ಆದರೆ ಎಲ್ಲರೂ ನೋಡುತ್ತಾರೆ.

ದಯಾನಂದನ ಕೊಟ್ಟಿಗೆಯಲ್ಲಿ ಇದ್ದದ್ದು ಒಂದೇ ಹಸು. ಅದೂ ಮಿತಾಹಾರಿ. ಹೋದ ವರ್ಷ ಅವನು ಎರಡು ಚೀಲ ಕೊಟ್ಟಿದ್ದನ್ನು ನೋಡಿ ಪಕ್ಕದ ಮನೆಯ ಬಸವಯ್ಯ, "ಏನ್ ದಯಣ್ಣ, ಅಸ ಉಪ್ವಾಸ ಮಾಡ್ತಾ ಅದಾ?" ಎಂದು ಯುಗಾದಿಯವರೆಗೂ ಕೇಳುತ್ತಲೇ ಇದ್ದ. ಆದ್ದರಿಂದ ಈ ಸಲ ದಯಾನಂದ ಹದಿನೈದು ದಿನ ಮೊದಲೇ ಶುರುಮಾಡಿ, ಮೂರು ಯೂರಿಯಾ ಚೀಲ ತುಂಬಿಸಿ, ಬಾಯಿ ಕಟ್ಟಿ, ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದ್ದ.

ಹಬ್ಬದ ಬೆಳಿಗ್ಗೆ ಮಂಜು ಇನ್ನೂ ಬೀದಿಯಲ್ಲಿ ಮಲಗಿದ್ದಾಗಲೇ ಮನೆಮನೆಯ ಸಗಣಿ ಒಟ್ಟುಮಾಡುವ ರಾಮುವಿನ ಟ್ರ್ಯಾಕ್ಟರ್ ಬಂದು ಹಾರ್ನ್ ಬಾರಿಸಿತು. ದಯಾನಂದ ಕೊಟ್ಟಿಗೆಗೆ ಹೋಗಿ ನೋಡಿದರೆ ನಾಲ್ಕು ಚೀಲ ನಿಂತಿದ್ದವು.

ಅವನು ಇನ್ನೊಮ್ಮೆ ಎಣಿಸಿದ. ನಾಲ್ಕೇ. ಯಾರಿಗೆ ಕೃತಜ್ಞತೆ ಹೇಳಬೇಕೆಂದು ತಿಳಿಯದೆ ಹಸುವಿನ ಬೆನ್ನು ಚಪ್ಪರಿಸಿ, ನಾಲ್ಕನ್ನೂ ಹೊತ್ತು ತಂದು ಟ್ರೇಲರಿಗೆ ಎಸೆದ. ಪಕ್ಕದ ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದ ಬಸವಯ್ಯನ ಬ್ರಷ್ಷು ನಾಲ್ಕನೆಯ ಚೀಲಕ್ಕೆ ಬಾಯಲ್ಲೇ ನಿಂತಿತು. ಆ ನೋಟವೊಂದಕ್ಕೇ ದಯಾನಂದ ಇನ್ನೂ ನಾಲ್ಕು ಚೀಲ ಹೊರಬಲ್ಲವನಾಗಿದ್ದ.

ಈ ಸಂತೋಷ ಎಂಟೂವರೆಯವರೆಗೆ ಬಾಳಿತು.

ಎಂಟೂವರೆಗೆ ಮಗಳು ರಂಜಿತ ಫೋನ್ ಮಾಡಿದಳು. ಅವಳು ತಿರುಪ್ಪೂರಿನಲ್ಲಿ ಕಾಲೇಜು ಓದುತ್ತಿದ್ದವಳು. "ಅಪ್ಪ, ನಾನೂ ಮೇಡಮ್ಮೂ ಸತ್ಯಮಂಗಲದಲ್ಲಿ ಬಸ್ ಅತ್ತುದ್ವಿ. ಅನ್ನೆರಡಕ್ಕೆಲ್ಲ ಮನೇಲಿರ್ತೀವಿ. ಪೋಟೊ ಎಲ್ಲ ತೆಗ್ದು ಮಡಗಿದ್ದೀಯಲ್ಲ?"

"ಅದೇ ಕೆಲ್ಸದಲ್ಲಿವ್ನಿ ಕಣವ್ವ," ಎಂದ ದಯಾನಂದ, ಹಲ್ಲುಕಡ್ಡಿಯಿಂದ ಇಡ್ಲಿಯ ಚೂರು ತೆಗೆಯುತ್ತ.

ಈ ಫೋಟೊಗಳ ವಿಷಯ ಹೇಳಬೇಕು. ದಯಾನಂದ ಇಪ್ಪತ್ತಮೂರು ವರ್ಷ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಬಟ್ಟೆ ಕತ್ತರಿಸಿದವನು. ಸೇರಿದ ಎರಡನೆಯ ವರ್ಷಕ್ಕೇ ಒಂದು ಕ್ಯಾಮೆರಾ ಕೊಂಡ. ಭಾನುವಾರ ಬಂದರೆ ಹೆಂಡತಿ ಪವಿತ್ರಳನ್ನೂ, ಮಗು ಹುಟ್ಟಿದ ಮೇಲೆ ಮಗುವನ್ನೂ, ಬೀದಿಗೆ ಕರೆದೊಯ್ದು ನಿಲ್ಲಿಸಿ ಫೋಟೊ ಹಿಡಿಯುತ್ತಿದ್ದ. ಅಂಗಡಿಗಳಲ್ಲಿ ರೀಲು ಸಿಗುವುದು ನಿಲ್ಲುವವರೆಗೂ ಹಿಡಿದ. ಒಂಬೈನೂರು ಚಿಲ್ಲರೆ ಫೋಟೊಗಳು. ಅಷ್ಟು ವರ್ಷವೂ ಪವಿತ್ರಳದು ಒಂದೇ ಮಾತು: "ಇವು ಯಾತಕ್ಕೆ ಬತ್ತವೆ? ಉಪ್ಪಾಕಿ ನೆಕ್ಕಕ್ಕಾ?" ಈ ಪ್ರಶ್ನೆಗೆ ದಯಾನಂದನ ಬಳಿ ಉತ್ತರವಿರಲಿಲ್ಲ. ಉಪ್ಪಿನ ಖರ್ಚು, ಸೀರೆಯ ಬಣ್ಣ, ಊರಿಗೆ ಮರಳುವ ತೀರ್ಮಾನ, ಯಾವ ಜಗಳವೇ ಆಗಲಿ, ಕೊನೆಗೆ ಫೋಟೊಗಳ ಹತ್ತಿರ ಬಂದು ನಿಲ್ಲುತ್ತಿತ್ತು. ಅಲ್ಲಿಗೆ ದಯಾನಂದ ಸೋಲುತ್ತಿದ್ದ.

ಈಗ ಉತ್ತರ ಬಸ್ಸು ಹತ್ತಿ ಬರುತ್ತಿತ್ತು. ರಂಜಿತಳಿಗೆ ಪಾಠ ಹೇಳುವ, ಸಂಗೀತ ಎಂಬ ಹೆಸರಿನ ಮೇಡಂ ಒಂದು ಪ್ರದರ್ಶನ ಮಾಡುವವರಿದ್ದರು. ತಿರುಪ್ಪೂರು ಹೇಗೆ ಬದಲಾಯಿತು ಎಂಬುದನ್ನು ಅಲ್ಲಿ ದುಡಿದವರ ಮನೆಯ ಫೋಟೊಗಳಲ್ಲೇ ತೋರಿಸಬೇಕು, ಪತ್ರಿಕೆಯವರದು ಬೇಡ, ಸ್ಟುಡಿಯೋದವರದು ಬೇಡ ಎಂದು ಅವರ ಹಟ. ಆಯ್ಕೆಯಾದ ಫೋಟೊದ ಕೆಳಗೆ ತೆಗೆದವರ ಹೆಸರು ದೊಡ್ಡದಾಗಿ. ಇದನ್ನು ಕೇಳಿದಾಗಿನಿಂದ ದಯಾನಂದ ಒಂದು ವಾರ ಮನೆಯಲ್ಲಿ ಮಾತೇ ಆಡಿರಲಿಲ್ಲ. ಹೆಂಡತಿಯ ಮುಂದೆ, ಮೇಡಮ್ಮಿನ ಎದುರಿಗೇ, ಒಂದೇ ಒಂದು ಸಲ ಗೆಲ್ಲುವವನಿಗೆ ಮಾತಿನ ಹಂಗೇನು?

"ಲೇ, ಪೋಟೊ ಎಲ್ಲಿ ಮಡಗಿದ್ದಿ? ಅಟ್ಟದ ಮ್ಯಾಲೆ ಇಲ್ವಲ್ಲ," ಎಂದು ಕೇಳಿದ.

ಪವಿತ್ರ ಒಲೆಯ ಮುಂದಿನಿಂದ ತಿರುಗದೆ ಹೇಳಿದಳು. "ಸುಣ್ಣ ಬಳಿಯೋವಾಗ ಇಳಿಸ್ದೆ. ಒಳಗಿದ್ರೆ ನೀರ್ ಬೀಳ್ತದೆ ಅಂತ ಪ್ಲಾಸ್ಟಿಕ್ನಲ್ಲಿ ಸುತ್ತಿ, ಚೀಲಕ್ಕಾಕಿ, ಬಾಯ್ ಕಟ್ಟಿ, ಕೊಟ್ಗೆ ಮೂಲೇಲಿ ನಿಲ್ಸಿವ್ನಿ."

"ಯಾವ ಚೀಲ?"

"ಯೂರಿಯಾ ಚೀಲ."

ದಯಾನಂದನಿಗೆ ಬೆಳಗಿನ ನಾಲ್ಕನೆಯ ಚೀಲ ಹೆಗಲ ಮೇಲೆ ಮತ್ತೆ ಬಂದು ಕೂತ ಹಾಗಾಯಿತು. ಆಗಲೇ ಅದು ಉಳಿದವುಗಳಿಗಿಂತ ಗಟ್ಟಿ ಎನಿಸಿತ್ತು. ಹಸುವಿನ ಆರೋಗ್ಯ ಚೆನ್ನಾಗಿದೆ ಎಂದುಕೊಂಡಿದ್ದ.

"ಯಾಕ, ಅಂಗೆ ನಿಂತ್ಕಬುಟ್ರಿ?"

"ಇಲ್ಲ, ಇಲ್ಲೇ ವಸಿ ಗುಡಿ ತಾವ್ಕೋಗಿ ಬತ್ತೀನಿ," ಎಂದವನು ಚಪ್ಪಲಿ ಮೆಟ್ಟದೆಯೇ ಓಡಿದ.

ಗುಡಿಯ ಹಿಂದೆ ಗುಡ್ಡೆ ಆಗಲೇ ಬೆಟ್ಟದ ಮರಿಯಂತೆ ಬೆಳೆದಿತ್ತು. ಬೇರೆ ವರ್ಷ ಚೀಲಗಳನ್ನು ಆಗಿಂದಾಗಲೇ ಬಿಚ್ಚಿ ಸುರಿಯುತ್ತಿದ್ದರು. ಈ ಸಲ ರಾಮು ಟ್ರೇಲರನ್ನೇ ಎತ್ತಿ, ಚೀಲಗಳ ಸಮೇತ ಮಗುಚಿ, ಮುಂದಿನ ಬೀದಿಗೆ ಹೋಗಿದ್ದ. ಮುನ್ನೂರು ಚೀಲಗಳಾದರೂ ಇದ್ದಿರಬೇಕು. ಎಲ್ಲವೂ ಬಿಳಿ, ಎಲ್ಲವೂ ಯೂರಿಯಾ, ಎಲ್ಲದರ ಬಾಯಿಗೂ ಅದೇ ಸೆಣಬಿನ ದಾರ. ಅವಳಿ ಜವಳಿಗಳ ಊರಿನಲ್ಲಿ ತನ್ನ ಮಗುವನ್ನು ಹುಡುಕಲು ಬಂದ ತಂದೆಯಂತೆ ದಯಾನಂದ ನಿಂತ.

ಗುಡ್ಡೆಯ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೊಡೆ ಬಿಚ್ಚಿಕೊಂಡು ಯಜಮಾನ ಷಡಕ್ಷರಿಯವರು ಕೂತಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಹಬ್ಬದ ನೇಮಗಳೆಲ್ಲ ಅವರ ನಾಲಗೆಯ ಮೇಲಿದ್ದವು, ಬೇರೆಯವರ ತಪ್ಪುಗಳೂ ಅಲ್ಲೇ ಇದ್ದವು.

ದಯಾನಂದ ಗುಡ್ಡೆಯತ್ತ ಎರಡು ಹೆಜ್ಜೆ ಇಟ್ಟ.

"ಲೇ, ಲೇ! ಮೈ ತೊಳೀದೆ ಮುಟ್ಬ್ಯಾಡ. ಯಾನ ಬೇಕಾಗಿತ್ತು?"

"ಯಜಮಾನ್ರೆ, ಬೆಳಿಗ್ಗೆ ನಮ್ಮನೆಯಿಂದ ಬಂತಲ್ಲ, ಅದ್ರಲ್ಲಿ ಒಂದ್ ಚೀಲ ವಾಪಸ್ ಬೇಕಾಗಿತ್ತು."

ಷಡಕ್ಷರಿಯವರು ಕೊಡೆ ಮಡಚಿದರು. "ಯಾನ ಅದೆ ಆ ಚೀಲ್ದಲ್ಲಿ?"

ದಯಾನಂದ ಲೆಕ್ಕ ಹಾಕಿದ. ಫೋಟೊ ಎಂದರೆ ಆಯಿತು, ತಾನು ಮನೆ ಸೇರುವ ಮೊದಲೇ ಸುದ್ದಿ ಪವಿತ್ರಳ ಒಲೆಯ ಮುಂದೆ ಕೂತಿರುತ್ತದೆ. ಇಪ್ಪತ್ತು ವರ್ಷ ಹೊಟ್ಟೆಗೆ ಕಟ್ಟಿಕೊಂಡು ಕಾಪಾಡಿದ ಫೋಟೊಗಳನ್ನು ಗಂಡ ತನ್ನ ಕೈಯಾರೆ ತಿಪ್ಪೆಗೆ ಹೊತ್ತು ಹಾಕಿದ ಎಂಬ ಮಾತು ಅವಳ ಕೈಗೆ ಸಿಕ್ಕರೆ ಅವನು ಈ ಜನ್ಮದಲ್ಲಿ ಗೆಲ್ಲುವ ಹಾಗಿಲ್ಲ.

"ಸಗಣಿ," ಎಂದ.

"ಸಗಣಿ ವಾಪಸ್ ಬೇಕಾ?"

"ಒಂದೇ ಚೀಲ."

ಷಡಕ್ಷರಿಯವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅರವತ್ತು ವರ್ಸದಿಂದ ಈ ಅಬ್ಬ ನೋಡ್ತಾ ಇವ್ನಿ ಕಣಪ್ಪ. ಕೊಡಾಕಿಲ್ಲ ಅಂದೋರ್ನ ನೋಡಿವ್ನಿ. ಮಣ್ಣು ಬೆರ್ಸಿ ಕೊಟ್ಟೋರ್ನ ನೋಡಿವ್ನಿ. ಪಕ್ಕದ ಮನೇದ ಕದ್ದು ಕೊಟ್ಟೋರ್ನೂ ನೋಡಿವ್ನಿ. ದೇವ್ರಿಗೆ ಕೊಟ್ಟ ಸಗಣಿ ವಾಪಸ್ ಕೇಳೋನ್ನ ಇವತ್ತೇ ನೋಡ್ತಿರದು!"

ಹಿಂದೆ ಯಾರೋ ಕೆಮ್ಮಿದರು. ಬಸವಯ್ಯ. ಅವನು ಯಾವಾಗ ಬಂದನೋ ಗೊತ್ತಿಲ್ಲ, ಹೋದದ್ದು ಮಾತ್ರ ಬಹಳ ಬೇಗ.

ಕಾಲು ಗಂಟೆಯಲ್ಲಿ ದಯಾನಂದನ ಫೋನು ರಿಂಗಣಿಸಿತು. ಪವಿತ್ರಳ ದನಿ ಗಾಬರಿಗೂ ಸಿಟ್ಟಿಗೂ ನಡುವೆ ಎಲ್ಲೋ ಇತ್ತು. "ಎಲ್ಲಿದ್ದೀರಿ? ಆ ಬಸವಣ್ಣನ ಎಂಡ್ತಿ ಮಾದೇವಮ್ಮ ಬಂದು ಬಾಗ್ಲಲ್ಲಿ ಒಂದ್ ಮಂಕ್ರಿ ಸಗಣಿ ಸುರ್ದು ಓದ್ಲು. 'ಇಷ್ಟ್ ಕಷ್ಟ ಅದೆ ಅಂತ ಗೊತ್ತಿರ್ನಿಲ್ಲ ಕಣಕ್ಕ, ಸಂಕೋಚ ಪಟ್ಕಬ್ಯಾಡ' ಅಂತಾಳೆ. ಯಾನ ಮಾಡ್ತಾ ಇದ್ದೀರಿ ನೀವು ಅಲ್ಲಿ?"

"ದೇವ್ರ ಕೆಲ್ಸ," ಎಂದು ದಯಾನಂದ ಫೋನ್ ಆರಿಸಿದ.

ಗಂಟೆ ಒಂಬತ್ತೂವರೆ. ಬಸ್ಸು ಘಟ್ಟ ಹತ್ತುತ್ತಿರಬೇಕು.

ಅವನ ಜೊತೆಗೆ ಒಂದನೇ ಕ್ಲಾಸಿನಿಂದ ಓದಿದ ಚಿಕ್ಕಮಾದ ಆಚೆ ಹುಣಸೆಮರದ ಬುಡದಲ್ಲಿ ಕುಡುಗೋಲು ಮಸೆಯುತ್ತಿದ್ದ. ಚೀಲಗಳ ಬಾಯಿ ಕೊಯ್ದು ಸಗಣಿ ಹರಡುವ ಆಳುಗಳಿಗೆ ಅವನೇ ಮುಂದಾಳು. ದಯಾನಂದ ಅವನನ್ನು ಮರದ ಹಿಂದಕ್ಕೆ ಎಳೆದು, ಬೀರೇಶ್ವರನ ಮೇಲೆ ಆಣೆ ಹಾಕಿಸಿ, ನಡೆದದ್ದೆಲ್ಲ ಹೇಳಿದ.

ಚಿಕ್ಕಮಾದ ನಗಲಿಲ್ಲ. ನಗದೇ ಇರುವುದಕ್ಕೆ ಅವನು ಪಟ್ಟ ಶ್ರಮದಿಂದ ಕಣ್ಣಲ್ಲಿ ನೀರು ಬಂತು. "ಅಷ್ಟೇಯಾ? ಗುಡ್ಡೆ ಮುಟ್ಬೇಕು ಅಂದ್ರೆ ಚೀಲ ಬಿಚ್ಚೋ ಕೆಲ್ಸಕ್ಕೆ ಸೇರ್ಕೊ. ಯಾರೂ ಬ್ಯಾಡ ಅನ್ನಾಕಿಲ್ಲ. ಆದ್ರೆ ಕೆರೇಲಿ ಮುಳ್ಗೆದ್ದು, ಒದ್ದೆ ಪಂಚೇಲೇ ಬರ್ಬೇಕು. ನೇಮ."

"ಈ ಚಳೀಲಾ?"

"ಬಿಸ್ನೀರ್ ಕಾಯ್ಸಿಕೊಡಕ್ಕೆ ಅದು ಕೆರೆ ಕಣ್ಲಾ, ನಿಮ್ಮನೆ ಬಚ್ಚಲಲ್ಲ."

ಬೆಟ್ಟದ ಚಳಿಯನ್ನು ದಯಾನಂದ ತಿರುಪ್ಪೂರಿನ ಬಿಸಿಲಿನಲ್ಲಿ ಮರೆತೇಬಿಟ್ಟಿದ್ದ. ನೀರು ಸೊಂಟ ಮುಟ್ಟಿದಾಗ ಅವನ ಬಾಯಿಂದ ಹೊರಟ ಶಬ್ದಕ್ಕೆ ಆ ದಂಡೆಯ ಕೊಕ್ಕರೆಗಳು ಈ ದಂಡೆಗೆ ಬಂದು ಕೂತವು. ಹಲ್ಲು ಕಟಕಟನೆ ಹೊಲಿಗೆ ಯಂತ್ರದಂತೆ ಹೊಡೆದುಕೊಳ್ಳುತ್ತಿದ್ದರೂ ಅವನು ಮೂರು ಮುಳುಗು ಹಾಕಿ ಓಡಿಬಂದ.

ಷಡಕ್ಷರಿಯವರು ನೋಡಿ ತಲೆದೂಗಿದರು. "ಪಶ್ಚಾತ್ತಾಪ ಪಟ್ನಲ್ಲ, ಅಷ್ಟು ಸಾಕು. ಇಳಿ, ಇಳಿ."

ದಯಾನಂದ ಇಳಿದ. ಎಲ್ಲರೂ ಸಿಕ್ಕಿದ ಚೀಲವನ್ನು ಎಳೆದು ಕೊಯ್ದು ಸುರಿಯುತ್ತಿದ್ದರೆ ಅವನು ಒಂದೊಂದನ್ನೂ ತಟ್ಟುತ್ತಿದ್ದ, ಒತ್ತುತ್ತಿದ್ದ, ಕಿವಿಗೊಟ್ಟು ಅಲುಗಿಸುತ್ತಿದ್ದ. ಹಲಸಿನ ಹಣ್ಣು ಆರಿಸಲು ಬಂದ ಹೆಂಗಸೂ ಅಷ್ಟು ನಿಗಾ ವಹಿಸುವುದಿಲ್ಲ.

ಅದು ಮೊದಲು ಕಣ್ಣಿಗೆ ಬಿದ್ದದ್ದು ಬಸವಯ್ಯನಿಗೆ. ಅವನೂ ಅಷ್ಟು ಹೊತ್ತಿಗೆ ಕೆರೆಯಲ್ಲಿ ಮುಳುಗಿ ಬಂದಿದ್ದ. ಕುತೂಹಲ ಎನ್ನುವುದು ಬಸವಯ್ಯನಿಗೆ ಮೈಗೆ ಅಂಟಿದ ಕಾಯಿಲೆ. ಅದಕ್ಕೆ ಅವನು ಯಾವ ಪಥ್ಯವನ್ನಾದರೂ ಮಾಡುತ್ತಿದ್ದ.

"ಲೋ ಚಿಕ್ಕಮಾದ, ದಯಣ್ಣ ಯಾನ ಉಡುಕ್ತಾ ಅವ್ನೆ?"

ಚಿಕ್ಕಮಾದ ಆಣೆ ಹಾಕಿದ್ದ. ಗುಟ್ಟು ಕಾಪಾಡಬೇಕಿತ್ತು. ಆದ್ದರಿಂದ ಅವನು ಸುತ್ತ ನೋಡಿ, ದನಿ ತಗ್ಗಿಸಿ, ಕಣ್ಣು ತಪ್ಪಿಸಿ, "ಏನೂ ಇಲ್ಲ ಕಣಣ್ಣೋ. ಏನೇನೂ ಇಲ್ಲ. ನೀನು ಕೇಳ್ಲೇಬ್ಯಾಡ," ಎಂದ.

ಇದಾದ ಮೇಲೆ ಹೇಳಲು ಉಳಿದದ್ದೇನು? ಚೀಲದಲ್ಲಿ ಒಡವೆ ಇದೆ ಎಂದು ಒಬ್ಬ ಹೇಳಿದ. ಜಮೀನಿನ ಹಳೆ ಪತ್ರ ಇದೆ ಎಂದು ಇನ್ನೊಬ್ಬ. ತಿರುಪ್ಪೂರಿನಲ್ಲಿ ಪಾಯ ಅಗೆಯುವಾಗ ಸಿಕ್ಕ ವಿಗ್ರಹ ಎಂದು ಮೂರನೆಯವನಿಗೆ ಖಚಿತವಾಗಿತ್ತು, ಇಲ್ಲದಿದ್ದರೆ ಅಷ್ಟು ದೊಡ್ಡ ಊರು ಬಿಟ್ಟು ಯಾರಾದರೂ ಗುಮಟಾಪುರಕ್ಕೆ ವಾಪಸ್ ಬರುತ್ತಾರೆಯೇ? ಹತ್ತೂವರೆಯ ಹೊತ್ತಿಗೆ ಕೆರೆಯಲ್ಲಿ ಸಾಲು ನಿಂತಿತ್ತು. ವರ್ಷವೆಲ್ಲ ಸ್ನಾನಕ್ಕೆ ಕಳ್ಳ ಬೀಳುವವರೂ ಒದ್ದೆ ಪಂಚೆಯಲ್ಲಿ ನಡುಗುತ್ತ ಬಂದು, ಗುಡ್ಡೆ ಏರಿ, ಚೀಲ ತಟ್ಟಿ ನೋಡುತ್ತಿದ್ದರು. ಗುಡಿಯ ಹಿಂದೆಲ್ಲ ಡೋಲು ಬಾರಿಸಿದ ಹಾಗೆ ಧಪ್ ಧಪ್ ಶಬ್ದ.

ಷಡಕ್ಷರಿಯವರು ಕುರ್ಚಿ ಬಿಟ್ಟು ಎದ್ದು ನಿಂತರು. "ಈ ಕಾಲದೋರಿಗೆ ಭಕ್ತಿ ಇಲ್ಲ ಅಂತ ನಾನೇ ಬೈತಿದ್ದೆ," ಎಂದು ಪೂಜಾರಿಯ ಹತ್ತಿರ ಹೇಳಿಕೊಂಡರು. "ನೋಡು, ಒಬ್ಬೊಬ್ರೂ ಚೀಲ ಮುಟ್ಟಿ ಮುಟ್ಟಿ ನಮಸ್ಕಾರ ಮಾಡ್ತಾವ್ರೆ."

ದಯಾನಂದನಿಗೆ ಮೊಣಕೈವರೆಗೆ ಸಗಣಿ, ಎದೆಯವರೆಗೆ ಹೆದರಿಕೆ. ತನ್ನ ಚೀಲ ಬೇರೆ ಯಾರ ಕೈಗೂ ಸಿಗಬಾರದು. ಅವನು ಎರಡು ಕೈಯಲ್ಲೂ ತಟ್ಟತೊಡಗಿದ. ಅದನ್ನು ನೋಡಿ ಉಳಿದವರೂ ಎರಡು ಕೈಯಲ್ಲಿ ತಟ್ಟಿದರು.

"ಸಿಕ್ತು!"

ಕೂಗಿದವನು ಬಸವಯ್ಯ. ಅವನ ಕೈ ಒಂದು ಚೀಲದ ಬಾಯೊಳಗೆ ಭುಜದವರೆಗೂ ಹೋಗಿತ್ತು. "ಗಟ್ಟಿಯಾಗಿ ಅದೆ! ಪ್ಲಾಸ್ಟಿಕ್ ಸುತ್ತವ್ರೆ! ಸರೀರಿ, ಸರೀರಿ!"

"ಬಸವಣ್ಣ, ಅದು ನಂದು, ಬುಡು!" ಎಂದು ದಯಾನಂದ ಗುಡ್ಡೆಯ ಮೇಲಿಂದ ಜಾರಿದ. ಕಾಲು ಮುಂದೆ, ತಲೆ ಹಿಂದೆ, ನೇರ ಬಸವಯ್ಯನ ಪಾದದ ಬಳಿ ಬಂದು ನಿಂತ. ಅಷ್ಟರಲ್ಲಿ ಪ್ಲಾಸ್ಟಿಕ್ ಹರಿದಿತ್ತು. ಒಳಗಿನಿಂದ ಬನಿಯನ್ ತುಂಬುವ ರಟ್ಟಿನ ಡಬ್ಬಿಗಳು ಬಂದವು. ಡಬ್ಬಿಯಿಂದ ಫೋಟೊಗಳು ಬಂದವು.

ಊರಿನವರೆಲ್ಲ ಬಗ್ಗಿ ನೋಡಿದರು.

"ಪೋಟೊವಾ? ಥೂ, ಇದಕ್ಕಾ ನಾನು ಕೆರೆಗ್ ಬಿದ್ದಿದ್ದು!"

ಆದರೆ ಕೈಗೆ ಸಿಕ್ಕ ಫೋಟೊವನ್ನು ನೋಡದೆ ಕೆಳಗಿಡುವ ಮನುಷ್ಯ ಇನ್ನೂ ಹುಟ್ಟಿಲ್ಲ. ಒಬ್ಬ ಪಂಚೆಗೆ ಕೈ ಒರೆಸಿಕೊಂಡು ಒಂದನ್ನೆತ್ತಿದ. ಇನ್ನೊಬ್ಬ ಪಕ್ಕದವನ ಪಂಚೆಗೆ ಕೈ ಒರೆಸಿಕೊಂಡು ಎರಡನ್ನೆತ್ತಿದ.

"ಇದ್ಯಾರ್ಲಾ?"

"ಪವಿತ್ರಕ್ಕ ಕಣ್ಲಾ! ಎಷ್ಟ್ ಸಣ್ಣಕ್ಕಿದ್ರು!"

"ಇದೂ ಪವಿತ್ರಕ್ಕ."

"ಇದೂನೂವೆ. ಕಂಕುಳಲ್ಲಿ ರಂಜಿತ."

"ನಿನ್ನ ತಾವ ಯಾರವ್ರೆ?"

"ಪವಿತ್ರಕ್ಕ, ರಂಜಿತ. ಸೀರೆ ಬ್ಯಾರೆ."

ಆಗಲೇ ಗುಡಿಯ ಮುಂದೆ ಆಟೊ ನಿಂತದ್ದು. ಹಬ್ಬದ ದಿನವಾದ್ದರಿಂದ ಘಟ್ಟದಲ್ಲಿ ಲಾರಿಗಳಿರಲಿಲ್ಲ, ಬಸ್ಸು ಮುಕ್ಕಾಲು ಗಂಟೆ ಮೊದಲೇ ಬಂದುಬಿಟ್ಟಿತ್ತು. ಮೊದಲು ರಂಜಿತ ಇಳಿದಳು. ಅವಳ ಹಿಂದೆ ಕನ್ನಡಕ ಹಾಕಿದ ಸಂಗೀತ ಮೇಡಂ ಇಳಿದರು. ಅವರ ತಾಯಿ ತಾಳವಾಡಿಯ ಕಡೆಯವರಾದ್ದರಿಂದ ಕನ್ನಡವೇನೋ ಬರುತ್ತಿತ್ತು, ಕಂಡದ್ದಕ್ಕೆ ತಕ್ಕ ಮಾತು ಮಾತ್ರ ಯಾವ ಭಾಷೆಯಲ್ಲೂ ಹೊಳೆದಂತಿರಲಿಲ್ಲ. ಕೊನೆಗೆ ಪವಿತ್ರ ಇಳಿದಳು. ಅತಿಥಿಗಳನ್ನು ಮನೆಯಲ್ಲಿ ಕೂರಿಸೋಣವೆಂದರೆ ಬಾಗಿಲಲ್ಲಿ ಮಾದೇವಮ್ಮನ ಮಂಕರಿ ಸಗಣಿ ಬಿದ್ದಿತ್ತು. ಗಂಡನನ್ನು ಹುಡುಕಿಕೊಂಡು ಇಲ್ಲಿಗೇ ಕರೆತಂದಿದ್ದಳು.

ಪವಿತ್ರ ಹರಿದ ಚೀಲ ನೋಡಿದಳು. ಗುಡ್ಡೆ ನೋಡಿದಳು. ಬರಿಮೈಯಲ್ಲಿ, ಕೂದಲಿನವರೆಗೆ ಹಸಿರಾಗಿ, ಒಂದು ಡಬ್ಬಿಯನ್ನು ಎದೆಗವಚಿಕೊಂಡು ಕೂತ ಗಂಡನನ್ನು ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ.

"ನಾಲ್ಕು ಚೀಲ ಆಯ್ತು ಅಂತ ಬೆಳಿಗ್ಗೆ ಕುಣೀತಿದ್ರಲ್ಲ," ಎಂದಳು ಮೆಲ್ಲಗೆ. "ಅದೊಂದು ಬಡ ಅಸ. ಅದಕ್ಕೆಷ್ಟು ಶಕ್ತಿ ಅದೆ ಅಂತ ಗೊತ್ತಾಗಾಕಿಲ್ವಾ ನಿಮ್ಗೆ?"

ಸಗಣಿ ಮೆತ್ತಿದ ಐವತ್ತು ಜನ ಒಟ್ಟಿಗೆ ನಕ್ಕರು. ಚಿಕ್ಕಮಾದ ಬೆಳಗಿನಿಂದ ತಡೆದಿಟ್ಟುಕೊಂಡಿದ್ದನ್ನೆಲ್ಲ ನಕ್ಕ.

ದಯಾನಂದ ನೆಲ ನೋಡುತ್ತಿದ್ದವನು ಮೇಡಮ್ಮಿನ ದನಿ ಕೇಳಿ ತಲೆ ಎತ್ತಿದ. "ಸಾರ್, ಫೋಟೊಗಳಿಗೆ ಏನೂ ಆಗಿಲ್ಲ. ಅಂಚಲ್ಲಿ ಸ್ವಲ್ಪ ಅಷ್ಟೆ. ನಾನು ಇಲ್ಲೇ ನೋಡಬಹುದಾ?"

ಅವನ ಎದೆಯಲ್ಲಿ ಮತ್ತೆ ದೀಪ ಹತ್ತಿತು. ಸೋತಿದ್ದು ಚೀಲದ ವಿಷಯದಲ್ಲಿ ಮಾತ್ರ. ಫೋಟೊಗಳ ವಿಷಯದಲ್ಲಿ ಇನ್ನೂ ತೀರ್ಪಾಗಿಲ್ಲ.

ಮೇಡಂ ಗುಡಿಯ ಜಗಲಿಯ ಮೇಲೆ ಕಾಲು ಮಡಚಿ ಕೂತರು. ಕರವಸ್ತ್ರದಿಂದ ಒಂದೊಂದನ್ನೂ ಒರೆಸಿ, ಬೆಳಕಿಗೆ ಹಿಡಿದು ನೋಡತೊಡಗಿದರು. ಊರು ಅವರ ಸುತ್ತ ಅರ್ಧಚಂದ್ರಾಕಾರವಾಗಿ ನಿಂತಿತು. ಮೂರು ಗಂಟೆಗೆ ಎಸೆದಾಡಬೇಕಾದವರು ಈಗ ಉಸಿರಾಡುವುದನ್ನೂ ಮರೆತಿದ್ದರು. ಮೇಡಂ ಒಂದು ಫೋಟೊವನ್ನು ಎಡಕ್ಕಿಟ್ಟರೆ ಐವತ್ತು ತಲೆ ಎಡಕ್ಕೆ ತಿರುಗುತ್ತಿತ್ತು.

ಬಹುಪಾಲು ಎಡಕ್ಕೇ ಹೋದವು. ನೂರು, ಇನ್ನೂರು, ಐನೂರು. ಅಪರೂಪಕ್ಕೆ ಒಂದನ್ನು ನೋಡಿ ಮೇಡಂ "ಅಯ್ಯೋ!" ಎನ್ನುತ್ತಿದ್ದರು, ಕನ್ನಡಕ ಮೇಲೆತ್ತಿ ಹತ್ತಿರ ಹಿಡಿಯುತ್ತಿದ್ದರು, ಬಲಕ್ಕಿಡುತ್ತಿದ್ದರು. ಕೊನೆಯ ಡಬ್ಬಿ ಮುಗಿದಾಗ ಎಡದ ರಾಶಿ ಮೊಳದುದ್ದ ಎದ್ದಿತ್ತು. ಬಲಗಡೆ ಹದಿನೇಳು ಫೋಟೊಗಳು.

ಎಡದ ರಾಶಿಯನ್ನು ಅವರು ಮರ್ಯಾದೆಯಿಂದ ಡಬ್ಬಿಗಳಿಗೆ ವಾಪಸ್ ತುಂಬಿದರು. "ಇವು ಮನೆಯಲ್ಲಿರಬೇಕಾದವು. ತುಂಬಾ ಚೆನ್ನಾಗಿ ತೆಗೆದಿದ್ದಾರೆ. ಆದರೆ ಇವುಗಳಲ್ಲಿ ಎಲ್ಲೂ ತಿರುಪ್ಪೂರು ಊರು ಕಾಣುವುದೇ ಇಲ್ಲ."

ಊರು ಕಾಣದಂತೆ ತೆಗೆಯುವುದಕ್ಕೆ ದಯಾನಂದ ಎಷ್ಟು ಬೆವರು ಸುರಿಸಿದ್ದ ಎಂದು ಅವರಿಗೇನು ಗೊತ್ತು? ಲಾರಿ ದಾಟಲಿ ಎಂದು ಕಾಯುತ್ತಿದ್ದ, ಹೊಗೆ ಕರಗಲಿ ಎಂದು ಕಾಯುತ್ತಿದ್ದ, ಮೋರಿ ಬೀಳದ ಹಾಗೆ ಹತ್ತಿರ ಹೋಗಿ, ಮುಖ ಮಾತ್ರ ತುಂಬಿಸಿ ಹಿಡಿಯುತ್ತಿದ್ದ.

"ಆದರೆ ಈ ಹದಿನೇಳು!" ಮೇಡಂ ಅವುಗಳನ್ನು ಜಗಲಿಯ ಮೇಲೆ ಸಾಲಾಗಿ ಹರಡಿದರು. "ನೋಡಿ ಇಲ್ಲಿ. ತೊಂಬತ್ತೊಂಬತ್ತರಲ್ಲಿ ಗೇಟಿನ ಹಿಂದೆ ಜೋಳದ ಹೊಲ. ಇದರಲ್ಲಿ ಅದೇ ಗೇಟು, ಹೊಲದಲ್ಲಿ ತಗಡಿನ ಶೆಡ್ಡು. ಇಲ್ಲಿ ಶೆಡ್ಡಿನ ಮೇಲೆ ಎರಡು ಮಹಡಿ. ಕಾಲುವೆ ನೋಡಿ, ಬಟ್ಟೆಗೆ ಬಣ್ಣ ಹಾಕಿದ ನೀರಿಗೆ ಒಂದು ವರ್ಷ ನೀಲಿ, ಒಂದು ವರ್ಷ ಗುಲಾಬಿ. ಸೈಕಲ್ಲುಗಳೆಲ್ಲ ಹೋಗಿ ಬೈಕು ಬಂದಿವೆ. ಕೊನೆಯದರಲ್ಲಿ ಗೇಟಿಗೇ ಬೀಗ. ಹದಿನೈದು ವರ್ಷ, ಒಂದೇ ಜಾಗ. ನಾನು ನಲವತ್ತು ಮನೆ ಸುತ್ತಿದ್ದೀನಿ, ಇಂಥ ಕಣ್ಣು ಎಲ್ಲೂ ನೋಡಿಲ್ಲ. ಪ್ರದರ್ಶನದ ಮುಖ್ಯ ಗೋಡೆ ಪೂರ್ತಿ ಇವಕ್ಕೇ."

ಚಪ್ಪಾಳೆ ಬಿತ್ತು. ಸಗಣಿಯ ಕೈಗಳ ಚಪ್ಪಾಳೆಯಾದ್ದರಿಂದ ಮುಂದಿನ ಸಾಲಿನವರ ಮುಖಕ್ಕೂ ಬಿತ್ತು. ದಯಾನಂದ ಎದ್ದು ನಿಂತ. ಒದ್ದೆ ಪಂಚೆಯನ್ನು ಸರಿಮಾಡಿಕೊಂಡ. ಇಪ್ಪತ್ತು ವರ್ಷ ಕಾದ ನೋಟವೊಂದನ್ನು ಹೆಂಡತಿಯ ಕಡೆ ಬೀರಿ, ಮೇಡಮ್ಮಿಗೆ ಕೈಮುಗಿದ. "ಅದೆಲ್ಲ ಅಭ್ಯಾಸ ಮೇಡಂ. ನೋಡ್ತಿದ್ದಂಗೇ ಕೈಗೆ ಗೊತ್ತಾಗೋಯ್ತದೆ."

ಚಿಕ್ಕಮಾದ ಬಗ್ಗಿ ಹದಿನೇಳನ್ನೂ ಒಂದೊಂದಾಗಿ ನೋಡುತ್ತಿದ್ದ. ಅವನಿಗೆ ಯಾವ ದುರುದ್ದೇಶವೂ ಇರಲಿಲ್ಲ. ತಿಳಿದುಕೊಳ್ಳಬೇಕು ಅಷ್ಟೆ.

"ಅಲ್ಲ ಕಣ್ಲಾ ದಯಾ," ಎಂದ. "ಇದ್ರಲ್ಲಿ ನೀನು ನಿಂತಿದ್ದೀಯ. ಇದ್ರಲ್ಲೂ ನೀನೇ. ಇಲ್ಲಿ ತಲೆ ಇಲ್ಲ, ಆದ್ರೂ ಅಂಗಿ ನಿಂದೇ. ಅದ್ನೇಳ್ರಲ್ಲೂ ನೀನೇ ಒಂದ್ ಮೂಲೇಲಿ ನಿಂತಿದ್ದೀ. ಮತ್ತೆ ಹಿಡ್ದೋರು ಯಾರು?"

ಐವತ್ತು ತಲೆ ದಯಾನಂದನ ಕಡೆ ತಿರುಗಿತು.

"ನಾನು," ಎಂದಳು ಪವಿತ್ರ. ಅವಳಿಗೇ ಆಶ್ಚರ್ಯವಾಗಿತ್ತು. "ರೀಲು ಮುಗಿಯೋವಾಗ ಕೊನೇದೊಂದು ಉಳ್ಕೊಳ್ತಿತ್ತು ಕಣಮ್ಮ. ತೊಳೆಯಕ್ಕೆ ಕೊಡ್ಬೇಕು, ಬಿರ್ರನೆ ಒತ್ತು ಅಂತ ನನ್ ಕೈಗೆ ಕೊಟ್ಟು, ಇವರು ಕಂಪನಿ ಗೇಟ್ ಮುಂದೆ ನಿಂತ್ಕೊಳ್ಳೋರು. ನನಗೆ ಅದರೊಳಗೆ ನೋಡಕ್ಕೂ ಬರ್ತಿರ್ನಿಲ್ಲ. 'ಇಷ್ಟ್ ದೂರ ನಿಂತ್ರೆ ಊರೆಲ್ಲ ಬಂದ್ಬುಡ್ತದೆ, ನಾನೆಲ್ಲಿ ಕಾಣ್ತೀನಿ' ಅಂತ ಬೈಯೋರು. ಆದ್ರೆ ಅಷ್ಟೊತ್ತಿಗೆ ನಾನು ಒತ್ತಿಬುಟ್ಟಿರ್ತಿದ್ದೆ."

"ಅಮ್ಮಾ!" ಎಂದು ರಂಜಿತ ಅವಳನ್ನು ತಬ್ಬಿಕೊಂಡಳು. ಮೇಡಂ ಎದ್ದು ಬಂದು ಪವಿತ್ರಳ ಎರಡೂ ಕೈ ಹಿಡಿದುಕೊಂಡರು. ಬಸವಯ್ಯ, "ಪವಿತ್ರಕ್ಕನ್ ಕೈ ಅಂದ್ರೆ ಸುಮ್ನೆಯಾ!" ಎಂದು, ತನಗೆ ಮೊದಲಿನಿಂದಲೂ ಗೊತ್ತಿದ್ದ ಹಾಗೆ ಎಲ್ಲರಿಗೂ ವಿವರಿಸತೊಡಗಿದ. ದಯಾನಂದ ಕೈಮುಗಿದ ಭಂಗಿಯಲ್ಲೇ ಇದ್ದ. ಕೈ ಇಳಿಸುವುದಕ್ಕೆ ಒಂದು ಕಾರಣ ಬೇಕಿತ್ತು, ಸಿಗಲಿಲ್ಲ.

"ಗೋಡೆಗೆ ಫೋಟೊ ತೆಗೆದವರದೇ ಒಂದು ಫೋಟೊ ಬೇಕು," ಎಂದರು ಮೇಡಂ, ಚೀಲದಿಂದ ತಮ್ಮ ಕ್ಯಾಮೆರಾ ತೆಗೆಯುತ್ತ. ಆಮೇಲೆ ದಯಾನಂದನ ಮುಖ ನೋಡಿ ಅವರಿಗೆ ಏನನ್ನಿಸಿತೋ, "ಸಾರ್, ನೀವೇ ತೆಗೀರಿ," ಎಂದು ಅದನ್ನು ಅವನ ಕಡೆ ಚಾಚಿದರು.

"ಅಯ್ಯೋ, ನಂದ್ಯಾಕೆ," ಎನ್ನುತ್ತಲೇ ಪವಿತ್ರ ಸೆರಗು ಸರಿಮಾಡಿಕೊಂಡು ನಿಂತಾಗಿತ್ತು.

ದಯಾನಂದ ಅಂಗೈ ತೊಳೆದು ಬಂದ. ಜನ್ಮದ ಕೌಶಲವನ್ನೆಲ್ಲ ಒಟ್ಟುಮಾಡಿಕೊಂಡ. ಪವಿತ್ರಳನ್ನು ಗುಡ್ಡೆಯಿಂದ ಈಚೆ ಸರಿಸಿದ. ಟ್ರ್ಯಾಕ್ಟರ್ ಹೋಗಲಿ ಎಂದು ಕಾದ. ಬಸವಯ್ಯನನ್ನು ಗದರಿಸಿ ಆಚೆ ಕಳಿಸಿದ. ಒಂದು ಕರು ಅಡ್ಡ ಬಂತು, ಅದನ್ನು ಓಡಿಸಿದ. ಹತ್ತಿರ ಹೋಗಿ, ಉಸಿರು ಬಿಗಿಹಿಡಿದು ಒತ್ತಿದ.

ಮೇಡಂ ನೋಡಿದರು. ಪವಿತ್ರಳ ಮುಖ, ಹಿಂದೆ ಬಿಳಿ ಗೋಡೆ. "ಚೆನ್ನಾಗಿದೆ ಸಾರ್," ಎಂದರು. ಆಮೇಲೆ ಸುತ್ತ ನೋಡಿದರು. "ಇರಲಿ ಅಂತ ಇನ್ನೊಂದು. ಅಣ್ಣ, ನೀವೊಂದು ತೆಗೀತೀರಾ?"

ಹುಟ್ಟಿದ ಮೇಲೆ ಕ್ಯಾಮೆರಾ ಹಿಡಿಯದ ಚಿಕ್ಕಮಾದ ಒಂದು ಕೈಯಲ್ಲಿ ಸಗಣಿಯ ಉಂಡೆ ಇಟ್ಟುಕೊಂಡೇ ಇನ್ನೊಂದು ಕೈಯಲ್ಲಿ ಒತ್ತಿದ.

ಮುಂದಿನ ತಿಂಗಳು ತಿರುಪ್ಪೂರಿನಲ್ಲಿ ಹದಿನೇಳು ಫೋಟೊಗಳ ಮೇಲೆ ತೂಗಿದ್ದು ಅದೇ. ನಡುವೆ ಪವಿತ್ರ ಬಾಯಿತುಂಬ ನಗುತ್ತಿದ್ದಾಳೆ. ಹಿಂದೆ ಗುಡಿ, ಗುಡ್ಡೆ, ಕೊಡೆ ಹಿಡಿದ ಷಡಕ್ಷರಿ, ಅರ್ಧ ಕರು, ಹಸಿರು ಮೆತ್ತಿದ ಇಡೀ ಊರು. ಬಲದ ಅಂಚಿನಲ್ಲಿ ಸಗಣಿಯ ಒಂದು ಮೊಣಕೈ. ಕೆಳಗೆ ಪವಿತ್ರಳ ಹೆಸರು, ಚಿಕ್ಕಮಾದನ ಹೆಸರು, ಊರಿನ ಹೆಸರು ಎಲ್ಲ ದೊಡ್ಡ ಅಕ್ಷರದಲ್ಲಿದ್ದವು. ಮೊಣಕೈ ಯಾರದೆಂದು ಬರೆದಿರಲಿಲ್ಲ. ದಯಾನಂದ ಪ್ರದರ್ಶನದ ಎರಡು ದಿನವೂ ಅದರ ಪಕ್ಕದಲ್ಲೇ, ಇಸ್ತ್ರಿ ಮಾಡಿದ ಅಂಗಿಯ ತೋಳನ್ನು ಮೇಲಕ್ಕೆ ಮಡಚಿಕೊಂಡು ನಿಂತಿದ್ದ. ಯಾರೂ ಹೋಲಿಸಿ ನೋಡಲಿಲ್ಲ.